ಕಪ್ಪು ಕೋಟಿನ ಒಳಜೇಬು

ಭಾನುವಾರ, ಅಂಗಡಿ ಮುಚ್ಚಿದ ಮಧ್ಯಾಹ್ನ

ನನ್ನ ಮುದ್ದು ಮಗಳಿಗೆ ಅಮ್ಮನ ಆಶೀರ್ವಾದ.

ಈ ಕಾಗದ ಬರೆಯಲು ನಾನು ಕೂತಿರುವುದು ಇದು ನಾಲ್ಕನೇ ಸಲ. ಮೂರು ಸಲವೂ ಬಿಸಿಲು, ಮಂಡಿನೋವು ಎಂದೇನೋ ಬರೆದು ಹರಿದು ಹಾಕಿದೆ. ಇವತ್ತು ಸುತ್ತಿ ಬಳಸಿ ಹೇಳುವುದಿಲ್ಲ.

ಅಪ್ಪನನ್ನು ಕೊನೆಯದಾಗಿ ಕಳಿಸಿಕೊಟ್ಟ ದಿನ ನೀನು ಗೇಟಿನ ಹತ್ತಿರವೇ ನಿಂತು, "ಮನೆಗೆ ಬರ್ಲಾ ಅಂತ ಒಂದೇ ಒಂದು ಮಾತು ಕೇಳಿ ಬರೆದಿದ್ದೆ. ಅಪ್ಪ ಉತ್ತರ ಕೊಡ್ಲಿಲ್ಲ. ಅದೇ ಉತ್ತರ ಅಲ್ವಾ ಅಮ್ಮ?" ಅಂದೆ. ನಾನು ಮುಖ ಮುಚ್ಚಿಕೊಂಡೆ. ಅಳು ಬಂದಿದ್ದು ನಿಜ. ಆದರೆ ಮುಖ ಮುಚ್ಚಿಕೊಂಡದ್ದು ಅದಕ್ಕಲ್ಲ.

ಅಪ್ಪ ನಿನ್ನ ಪತ್ರ ಓದಲೇ ಇಲ್ಲ ಮಗಳೇ. ಅದನ್ನು ನಾನು ಒಗೆದುಬಿಟ್ಟೆ.

ನಮ್ಮ ಲಾಂಡ್ರಿಯಲ್ಲಿ ಅಪ್ಪನ ಕಟ್ಟಳೆ ನಿನಗೆ ನೆನಪಿರಬೇಕು. ಜೇಬು ತಿರುವಿ ನೋಡದೆ ಯಾವ ಬಟ್ಟೆಯೂ ಮೆಷಿನ್ ಸೇರಬಾರದು. ಏಳು ವರ್ಷದವಳಿದ್ದಾಗಿನಿಂದ ಅದು ನಿನ್ನ ಕೆಲಸ. ಬಸ್ ಟಿಕೆಟು, ಬಾಚಣಿಗೆ, ಒಂದು ಸಲ ಯಾರದೋ ಹಲ್ಲಿನ ಸೆಟ್ಟು! ಅದಕ್ಕೇ ಅಪ್ಪ ನಿನ್ನನ್ನು ಜೇಬುಗಳ್ಳಿ ಎಂದು ಕರೆಯುತ್ತಿದ್ದರು. ನಿನ್ನ ಮದುವೆಯ ವಿಷಯಕ್ಕೆ ನೀವಿಬ್ಬರೂ ಮಾತು ಬಿಟ್ಟ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಮೊದಮೊದಲು ತಿರುವಿಯೇ ನೋಡುತ್ತಿದ್ದೆ. ಆಮೇಲೆ ಮೇಲಿನಿಂದ ಒಂದು ಸಲ ತಟ್ಟಿದರೆ ಸಾಕು ಎಂದಾಯಿತು. ಅಪ್ಪ ಗೊಣಗಿದರೆ, "ನನ್ನ ಅಂಗೈಗೇ ಕಣ್ಣಿದೆ ಕಣ್ರೀ, ನೀವು ಇಸ್ತ್ರಿ ನೋಡ್ಕೊಳ್ಳಿ" ಅನ್ನುತ್ತಿದ್ದೆ. ಆರು ವರ್ಷ ಏನೂ ಆಗಲಿಲ್ಲ ನೋಡು, ಜಂಬ ನೆತ್ತಿಗೇರಿತು.

ನಿನ್ನ ಪತ್ರ ಬಂದಾಗ ಅಪ್ಪನ ಕನ್ನಡಕ ರಿಪೇರಿಗೆ ಹೋಗಿತ್ತು. ಕವರಿನ ಮೇಲಿನ ಅಕ್ಷರ ನಿನ್ನದು ಅಂದೆ, ಅವರು ಕವರನ್ನು ನನ್ನ ಕೈಯಿಂದ ಕಿತ್ತುಕೊಂಡರು. ಓದಿ ಹೇಳುತ್ತೇನೆಂದರೆ ಕೊಡಲಿಲ್ಲ. "ನನ್ನ ಮಗಳು ನಂಗೆ ಬರೆದಿರೋದು. ನಾಳೆ ಕನ್ನಡಕ ಬರುತ್ತೆ, ನಾನೇ ಓದ್ತೀನಿ" ಅಂದರು. ಎಲ್ಲಿಟ್ಟರೋ ನಾನು ನೋಡಲಿಲ್ಲ. ಸಂಜೆ ತಮ್ಮ ಕಪ್ಪು ಕೋಟು ಹಾಕಿಕೊಂಡು ಬಸ್ಸಿನಲ್ಲಿ ಹೋಗಿ ಸೋಪಿನ ಪುಡಿ ತಂದರು. ಆ ಖುಷಿಯಲ್ಲೇ ಕೋಟಿನ ಮೇಲೆ ಚಹಾ ಚೆಲ್ಲಿಕೊಂಡರು.

ಬೆಳಿಗ್ಗೆ ಅವರು ಕನ್ನಡಕ ತರಲು ಹೋದಾಗ ಕೋಟನ್ನು ಎರಡು ಸಲ ತಟ್ಟಿ ಮೆಷಿನ್ನಿಗೆ ಹಾಕಿದೆ. ಬಾಗಿಲು ತೆಗೆದರೆ ಕಪ್ಪು ಬಟ್ಟೆಯ ತುಂಬಾ ಬಿಳಿ ಕಾಗದದ ಚೂರು. ಅಂಚೆಚೀಟಿಯ ಮೂಲೆಯೊಂದು ತೋಳಿಗೆ ಅಂಟಿತ್ತು. ಒಂದೊಂದೇ ಚೂರು ಕಿತ್ತು, ಡ್ರೈಯರಿನಲ್ಲಿ ಒಣಗಿಸಿ, ಅವರು ಬರುವಷ್ಟರಲ್ಲಿ ಕೋಟನ್ನು ಮೊಳೆಗೆ ತೂಗುಹಾಕಿದೆ.

ಅಪ್ಪ ಕನ್ನಡಕ ಹಾಕಿಕೊಂಡೇ ಬಂದರು. ನೇರವಾಗಿ ಕೋಟಿನ ಒಳಜೇಬಿಗೆ ಕೈ ಹಾಕಿದರು. "ಒಗೆಯೋವಾಗ ಅದ್ರಲ್ಲಿ ಏನೂ ಇರ್ಲಿಲ್ಲ, ಬಸ್ಸಲ್ಲಿ ಬಿತ್ತೇನೋ" ಅಂದೆ. ಅವರು ಜೇಬಿನಿಂದ ಕೈ ತೆಗೆಯದೆ ನನ್ನನ್ನೇ ನೋಡಿದರು. ಆಮೇಲೆ "ಇರಬಹುದು" ಅಂದರು.

ಮತ್ತೆ ಆ ಮಾತು ಎತ್ತಲಿಲ್ಲ. ನಾಳೆ ಹೇಳಿಬಿಡೋಣ, ನಾಳೆ ಹೇಳಿಬಿಡೋಣ ಎಂದು ನಾನು ದಿನ ದೂಡಿದೆ. ಹತ್ತೊಂಬತ್ತನೆಯ ದಿನ ಅವರು ಇಸ್ತ್ರಿ ಮೇಜಿನ ಹತ್ತಿರವೇ ಕುಸಿದರು, ಮತ್ತೆ ಏಳಲಿಲ್ಲ.

ಒಗೆದದ್ದು ಒಂದು ತಪ್ಪು. ಗೇಟಿನ ಹತ್ತಿರ ನೀನು ಕೇಳಿದಾಗಲೂ ಬಾಯಿ ಬಿಡದೆ ಇದ್ದದ್ದು ಅದಕ್ಕಿಂತ ದೊಡ್ಡ ತಪ್ಪು. ನನ್ನನ್ನು ಬೈದರೂ ಸರಿ, ಮಾತು ಬಿಟ್ಟರೂ ಸರಿ. ಅಪ್ಪ ನಿನ್ನನ್ನು ಬೇಡವೆಂದರು ಅಂತ ಮಾತ್ರ ತಿಳಿಯಬೇಡ. ನನ್ನ ಸಂಕಟವೆಲ್ಲ ಅದೊಂದೇ.

ಇತಿ,
ನಿನ್ನ ಮುಂದೆ ತಲೆ ಎತ್ತಲಾರದ
ಅಮ್ಮ

ತಾ.ಕ.: ಕೋಟನ್ನೂ ನಿನಗೆ ಕಳಿಸೋಣವೆಂದು ಈಗ ಮೊಳೆಯಿಂದ ತೆಗೆದೆ. ಈ ಸಲ ಎಲ್ಲ ಜೇಬನ್ನೂ ತಿರುವಿದೆ. ಒಳಜೇಬಿನಲ್ಲಿ ನಮ್ಮ ಅಂಗಡಿಯ ರಸೀದಿಯೊಂದು ಮಡಿಸಿಟ್ಟಿತ್ತು. ಅದರೊಳಗೆ ಒಣಗಿ ಗಟ್ಟಿಯಾದ ಕಾಗದದ ಉಂಡೆ. ಆವತ್ತೇ ಅದು ಅವರ ಕೈಗೆ ಸಿಕ್ಕಿತ್ತು ಮಗಳೇ, ಅವರಿಗೆ ಎಲ್ಲ ಗೊತ್ತಿತ್ತು. ರಸೀದಿಯ ಹಿಂದೆ ಅವರ ಕೈಬರಹ, ತಾರೀಖು ಅವರು ಹೋಗುವ ಹಿಂದಿನ ದಿನದ್ದು: "ಜೇಬುಗಳ್ಳಿ, ನಿನ್ನ ಪತ್ರವನ್ನು ಓದುವ ಮೊದಲೇ ಬಸ್ಸಿನಲ್ಲಿ ಕಳೆದುಕೊಂಡೆ. ತಪ್ಪು ನನ್ನದೇ. ಏನು ಕೇಳಿದ್ದೆಯೋ ಗೊತ್ತಿಲ್ಲ. ಏನೇ ಕೇಳಿದ್ದರೂ ಹೂಂ."