ಬದು ಕಾಣದ ನೀರು

ಯಲ್ದೂರು,
ಸೋಮವಾರ, 4-1-1982

ಪ್ರೀತಿಯ ನಿಮಗೆ,

ನಿಮ್ಮ ಮೊಣಕಾಲು ಈಗ ಹೇಗಿದೆ? ಅಸ್ಸಾಮಿನ ಚಳಿಗೆ ಮತ್ತೆ ಹಿಡಿದುಕೊಂಡಿದೆ ಎಂದು ಬರೆದಿದ್ದಿರಿ. ಗೌನಿಪಲ್ಲಿಯಿಂದ ನಿಮ್ಮ ಅಕ್ಕ ಭಾರತಮ್ಮ ಕೊಟ್ಟು ಕಳಿಸಿದ ಎಣ್ಣೆಯ ಸೀಸೆಯನ್ನು ಹೋದ ತಿಂಗಳೇ ಪಾರ್ಸೆಲ್ ಮಾಡಿದ್ದೆ. ಒಡೆಯದೆ ಬಂದು ಸೇರಿತೇ? ಕಾಸಿ ಹಚ್ಚಿಕೊಳ್ಳಿ, ತಣ್ಣಗಿದ್ದಂತೆಯೇ ಹಚ್ಚಿಕೊಂಡರೆ ಉಪಯೋಗವಿಲ್ಲ ಎಂದು ಅವರು ಹೇಳಿ ಕಳಿಸಿದ್ದಾರೆ. ಡ್ಯೂಟಿ ಬದಲಾಯಿಸಿಕೊಡಿ ಎಂದು ನಿಮ್ಮ ಸಾಹೇಬರನ್ನು ಕೇಳುವುದಕ್ಕೆ ಸಂಕೋಚಪಡಬೇಡಿ. ಇಲ್ಲಿ ಎಲ್ಲರೂ ಕ್ಷೇಮ. ಮಗಳಿಗೆ ಮುಂದಿನ ಎರಡು ಹಲ್ಲು ಬಿದ್ದು ‘ಸ’ ಎನ್ನಲು ಬರುತ್ತಿಲ್ಲ, ಆದರೂ ಮಾತು ನಿಂತಿಲ್ಲ. ತೋಪಿನಲ್ಲಿ ಮಾವು ಈ ಸಲ ಬೇಗ ಹೂ ಬಿಟ್ಟಿದೆ. ರೇಷ್ಮೆ ಗೂಡು ಒಳ್ಳೆಯದಾಗಿ ಬಂದು ಶ್ರೀನಿವಾಸಪುರಕ್ಕೆ ಹೋಯಿತು.

ಇನ್ನು ಅತ್ತೆಯವರ ವಿಷಯ. ‘ಅಮ್ಮನಿಗೆ ಅರವತ್ತು ದಾಟಿದ ಮೇಲೆ ಹಡಗಿನ ಹುಚ್ಚೇಕೆ, ನೀನಾದರೂ ಬುದ್ಧಿ ಹೇಳು’ ಎಂದು ಬರೆದಿದ್ದೀರಿ. ಹೇಳಲು ಹೋಗಿದ್ದೆ. ಆಮೇಲೆ ನಡೆದದ್ದನ್ನೆಲ್ಲ ಒಂದೂ ಬಿಡದೆ ಬರೆಯುತ್ತೇನೆ, ಓದಿದ ಮೇಲೆ ನಿಮ್ಮ ಅಮ್ಮನಿಗೆ ಬುದ್ಧಿ ಹೇಳಬೇಕೋ ಬೇಡವೋ ನೀವೇ ತೀರ್ಮಾನ ಮಾಡಿ.

ಹಡಗಿನ ಮಾತನ್ನು ಮೊದಲು ತೆಗೆದವರು ಗಂಗರತ್ನಮ್ಮ. ಆಸ್ಪತ್ರೆಯಲ್ಲಿ ಆಯಾ ಕೆಲಸದಿಂದ ರಿಟೈರಾದ ಮೇಲೆ ಅವರಿಗೆ ಪೇಪರ್ ಓದುವುದೇ ಕೆಲಸ. ಅವರು, ನಮ್ಮತ್ತೆ, ಹಿಂದಿನ ಬೀದಿಯ ಮುನಿಶಾಮಮ್ಮ, ಈ ಮೂವರು ವರ್ಷಕ್ಕೊಂದು ಸಲ ಬಸ್ಸು ಹತ್ತಿ ಎಲ್ಲಿಗಾದರೂ ಹೋಗಿ ಬರುವುದು ನಿಮಗೆ ಗೊತ್ತೇ ಇದೆ. ತಿರುಪತಿ ಆಯಿತು, ಧರ್ಮಸ್ಥಳ ಆಯಿತು, ಮೈಸೂರು ಎರಡು ಸಲ ಆಯಿತು. ಮೂವರಲ್ಲಿ ಒಬ್ಬರೂ ಸಮುದ್ರ ನೋಡಿರಲಿಲ್ಲ. ಹೋದ ವರ್ಷ ಮುನಿಶಾಮಮ್ಮ ಗಾಡಿಯಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡರಲ್ಲ, ಆ ವರ್ಷ ಯಾರೂ ಎಲ್ಲಿಗೂ ಹೋಗಲಿಲ್ಲ. ದಸರಾ ಹೊತ್ತಿಗೆ ಅವರು ಕೋಲು ಹಿಡಿದು ಮನೆಯೊಳಗೆ ಓಡಾಡುತ್ತಿದ್ದರು. ಹೊಸಲು ದಾಟಬೇಕಾದರೆ ಒಬ್ಬರು ಕೈ ಕೊಡಬೇಕಿತ್ತು. ಅಂಥವರನ್ನೂ ಸೇರಿಸಿಕೊಂಡೇ ಅತ್ತೆ ಹಡಗಿನ ಲೆಕ್ಕ ಹಾಕಿದ್ದು.

ದಸರಾ ಕಳೆದ ಮೇಲೆ ಮೂವರನ್ನೂ ಕರೆದುಕೊಂಡು ನಾನು ಕೋಲಾರಕ್ಕೆ ಹೋದೆ. ಬಸ್ ಸ್ಟ್ಯಾಂಡಿನ ಹಿಂದೆ ಯಾತ್ರೆಗಳಿಗೆ ಟಿಕೆಟು ಮಾಡಿಸಿಕೊಡುವ ಒಬ್ಬ ಏಜೆಂಟ್ ಇದ್ದಾನೆ. ಅವನು ಎರಡು ಹಡಗುಗಳ ವಿಷಯ ಹೇಳಿದ. ಒಂದು ಬೊಂಬಾಯಿಯಿಂದ ಗೋವೆಗೆ ಹೋಗುವುದು, ಒಂದು ಹಗಲು ಒಂದು ರಾತ್ರಿಯ ಪ್ರಯಾಣ. ಇನ್ನೊಂದು ಮದರಾಸಿನಿಂದ ಅಂಡಮಾನಿಗೆ, ಮೂರು ನಾಲ್ಕು ದಿನ. ಗೋವೆಯ ಹಡಗನ್ನೇ ಅವನು ಬಹಳ ಹೊಗಳಿದ. ಬಣ್ಣದ ಚಿತ್ರ ತೋರಿಸಿದ. ಅತ್ತೆ ಚಿತ್ರ ನೋಡಲೇ ಇಲ್ಲ. ಹೆಂಗಸರು ಮಲಗುವುದೆಲ್ಲಿ, ಕಕ್ಕಸು ಎಷ್ಟಿವೆ, ತೊಳೆಯುವವರು ಯಾರು, ಮುದ್ದೆ ಕಟ್ಟಿಕೊಂಡು ಹೋದರೆ ಒಳಗೆ ಬಿಡುತ್ತಾರೋ ಇಲ್ಲವೋ, ನಡುನೀರಿನಲ್ಲಿ ಕಾಯಿಲೆ ಬಿದ್ದರೆ ಡಾಕ್ಟರು ಇರುತ್ತಾನೋ ಎಂದು ಒಂದೊಂದಾಗಿ ಕೇಳಿದರು. ಹೆಣ್ಣು ಕೊಡುವ ಮನೆಯಲ್ಲೂ ಇಷ್ಟು ವಿಚಾರಿಸುವುದಿಲ್ಲ. ಪಾಪ, ಅವನು ಬೆವರು ಒರೆಸಿಕೊಂಡ. ಕೊನೆಗೆ ಮುನಿಶಾಮಮ್ಮನ ಕೋಲಿನ ಕಡೆ ನೋಡಿ, ಯಾವ ಹಡಗಾದರೂ ಏಣಿ ಹತ್ತಲೇಬೇಕು, ಈ ಅಜ್ಜಿಯನ್ನು ಬಿಟ್ಟು ನೀವಿಬ್ಬರೇ ಹೋಗಿ ಬನ್ನಿ ಎಂದ. ಅತ್ತೆ ಆ ಬಣ್ಣದ ಕಾಗದವನ್ನು ಮಡಿಸಿ ಅವನ ಮೇಜಿನ ಮೇಲಿಟ್ಟರು. “ಮೂರು ಜನಕ್ಕೆ ಹಡಗು ಕೇಳೋಕೆ ಬಂದಿದೀವಪ್ಪ, ಇಬ್ರಿಗಲ್ಲ” ಎಂದು ಎದ್ದರು.

ನಿಮ್ಮ ಮುಂದೆ ಮುಚ್ಚಿಡುವುದೇನು, ಆ ಏಜೆಂಟ್ ಹೇಳಿದ್ದೇ ಸರಿ ಎಂದು ನನಗೂ ಅನಿಸಿತ್ತು. ಬಸ್ಸಿಗೆ ಕಾಯುವಾಗ ಅತ್ತೆಯ ಕಿವಿಯಲ್ಲಿ ಹಾಗೇ ಹೇಳಿಯೂ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ, ಎಲೆಗೆ ಸುಣ್ಣ ಸವರುತ್ತಾ ಕೂತರು. ಅಷ್ಟರಲ್ಲಿ, ಬೆಳಗಿನಿಂದ ಬಾಯೇ ಬಿಡದಿದ್ದ ಮುನಿಶಾಮಮ್ಮ ಗಂಗರತ್ನಮ್ಮನನ್ನು ಒಂದು ಮಾತು ಕೇಳಿದರು. ಗೋವೆಯ ಹಡಗಿನಲ್ಲಿ ಹೋಗುವಾಗ ದಡ ಕಾಣುತ್ತದೆಯೇ ಎಂದು. ಕಾಣುತ್ತದೆ, ದಡದ ಪಕ್ಕದಲ್ಲೇ ಹೋಗುವುದು, ಏನೂ ಭಯವಿಲ್ಲ ಎಂದು ಗಂಗರತ್ನಮ್ಮ ಧೈರ್ಯ ಹೇಳಿದರು. “ಹಂಗಾದ್ರೆ ನಂಗೆ ಅದು ಬೇಡ ಕಣೇ” ಎಂದರು ಮುನಿಶಾಮಮ್ಮ. “ಮುಳಬಾಗಿಲಿಂದ ಹನ್ನೊಂದು ವರ್ಷಕ್ಕೆ ಈ ಊರಿಗೆ ಬಂದೆ. ಅಲ್ಲಿಂದ ಇಲ್ಲೀಗಂಟ ಎಲ್ಲಿ ನಿಂತ್ರೂ ಯಾರ್ದೋ ಒಬ್ರ ಬದು ಕಾಣ್ತದೆ. ಬದು ಇಲ್ದಿರೋ ಜಾಗ ಒಂದ್ಸಲ ನೋಡ್ಬೇಕು.” ಅವರ ಇಬ್ಬರು ಮಕ್ಕಳು ಒಂದು ಮೊಳ ಬದುವಿಗಾಗಿ ಹತ್ತು ವರ್ಷದಿಂದ ಮಾತು ಬಿಟ್ಟಿರುವುದು ನಿಮಗೆ ಗೊತ್ತು. ನಮ್ಮ ಬಸ್ಸು ಬಂತು. ಹತ್ತುವಾಗ ಅತ್ತೆ ಮುನಿಶಾಮಮ್ಮನ ರಟ್ಟೆ ಹಿಡಿದು, ಹಾಗಾದರೆ ಅಂಡಮಾನಿನ ಹಡಗೇ ಸರಿ ಎಂದರು. ಹಡಗಿನ ಆಯ್ಕೆ ಆಗಿದ್ದು ಅಷ್ಟರಲ್ಲೇ.

ಆದರೆ ಆ ಏಣಿಯ ವಿಷಯ ಅತ್ತೆಯ ತಲೆಯಿಂದ ಹೋಗಿರಲಿಲ್ಲ. ಮಾಲೂರಿನಲ್ಲಿ ಆವಲಪ್ಪ ಎಂಬವರಿದ್ದಾರೆ, ಗಂಗರತ್ನಮ್ಮನಿಗೆ ದೂರದ ನೆಂಟರು. ಹಡಗಿನ ಅಡಿಗೆಮನೆಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿ ಊರಿಗೆ ಬಂದವರು. ಅತ್ತೆ ಅವರನ್ನು ಹುಡುಕಿಕೊಂಡು ಹೋಗಿ, ಏಣಿಗೆ ಮೆಟ್ಟಿಲೆಷ್ಟು ಎಂದು ಕೇಳಿದರು. ಇಪ್ಪತ್ತು ವರ್ಷ ಹತ್ತಿ ಇಳಿದ ಮನುಷ್ಯನಿಗೆ ಅದು ಗೊತ್ತಿರಲಿಲ್ಲ. ಸರಿ, ಬಂಗಾರಪೇಟೆಯಲ್ಲಿ ರೈಲು ಹತ್ತಿ ಆವಲಪ್ಪನವರನ್ನೂ ಗಂಗರತ್ನಮ್ಮನನ್ನೂ ಕರೆದುಕೊಂಡು ಮದರಾಸಿಗೇ ಹೋದರು! ಇತ್ತ ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದು, ಪೊರೆ ಬಿಟ್ಟು, ಹಗಲೂ ರಾತ್ರಿ ಸೊಪ್ಪಿಗೆ ಬಾಯಿ ಬಿಡುತ್ತಿದ್ದವು, ಎರಡು ದಿನ ನಾನೊಬ್ಬಳೇ ಸೊಪ್ಪು ಕೊಯ್ದು ಹಾಕಿ ಸೊಂಟ ಬಿದ್ದುಹೋಯಿತು. ಬರಲಿ, ಚೆನ್ನಾಗಿ ಕೇಳುತ್ತೇನೆ ಎಂದುಕೊಂಡಿದ್ದೆ. ಬಂದವರು ಮಡಿಲಿನಿಂದ ಒಂದು ಸೆಣಬಿನ ಹುರಿ ತೆಗೆದರು. ಬಂದರಿನಲ್ಲಿ ನಿಂತಿದ್ದ ಹಡಗಿಗೆ ಆವಲಪ್ಪನವರ ಪರಿಚಯದವರು ಪಾಸು ಕೊಡಿಸಿ ಬಿಟ್ಟರಂತೆ. ಏಣಿಗೆ ಮೂವತ್ತನಾಲ್ಕು ಮೆಟ್ಟಿಲು. ಎರಡು ಕಡೆಯ ಹಗ್ಗದ ನಡುವಿನ ಅಗಲಕ್ಕೆ ಹುರಿಯಲ್ಲಿ ಒಂದು ಗಂಟು, ಮೆಟ್ಟಿಲಿನ ಎತ್ತರಕ್ಕೆ ಇನ್ನೊಂದು ಗಂಟು. ಹತ್ತುವಾಗ ಏಣಿ ತೂಗುತ್ತದೆ ಎಂಬುದನ್ನೂ ನೋಡಿಕೊಂಡು ಬಂದಿದ್ದರು. ಸಮುದ್ರ ಹೇಗಿತ್ತು ಅತ್ತೇ ಎಂದು ಕೇಳಿದೆ. ಅದನ್ನು ನೋಡಲಿಲ್ಲವಂತೆ. ಮೂವರೂ ಒಟ್ಟಿಗೆ ನೋಡೋಣವೆಂದು ಅತ್ತ ಬೆನ್ನು ಹಾಕಿಕೊಂಡೇ ಏಣಿ ಅಳೆದರಂತೆ. ನಾನು ಕೇಳಬೇಕೆಂದುಕೊಂಡಿದ್ದೆಲ್ಲ ಮರೆತು ಹೋಗಿ ಅವರಿಗೆ ನೀರು ಕಾಯಿಸಿದೆ.

ಮಾರನೆಯ ದಿನದಿಂದ ಮುನಿಶಾಮಮ್ಮನಿಗೆ ಪಾಠ ಶುರುವಾಯಿತು. ಮೊದಲು ಸ್ಕೂಲಿನ ಜಗಲಿಯ ಮೂರು ಮೆಟ್ಟಿಲು. ಒಂದು ವಾರಕ್ಕೆ ಮೂರನ್ನೂ ಹತ್ತಿದರು. ಆಮೇಲೆ ಊರಾಚೆಯ ಕಲ್ಯಾಣಿ. ಅತ್ತೆ ಹುರಿ ಹಿಡಿದು ಅಳೆದು, ಹಡಗಿನ ಮೆಟ್ಟಿಲಿಗೆ ಸರಿಯಾದ ಎತ್ತರ ಇರುವುದು ಅಲ್ಲೇ ಎಂದು ಹೇಳಿದ್ದರು. ಎರಡು ಗೂಟದ ನಡುವೆ ಹಗ್ಗ ಕಟ್ಟಿ, ಮುಂದೆ ಗಂಗರತ್ನಮ್ಮ, ಹಿಂದೆ ಅತ್ತೆ. ಏಣಿ ತೂಗುವುದಕ್ಕೂ ಒಂದು ಉಪಾಯ ಮಾಡಿದರು. ಒಣಗಿದ ಕೆರೆಯ ಅಂಗಳದಲ್ಲಿ ಎತ್ತಿನ ಗಾಡಿ ಓಡಿಸಿ, ಅದರಲ್ಲಿ ಮುನಿಶಾಮಮ್ಮನನ್ನು ಗೂಟ ಹಿಡಿಸಿ ನಿಲ್ಲಿಸುವುದು. ಊರಿನವರು ಏರಿಯ ಮೇಲೆ ನಿಂತು ನಗುತ್ತಿದ್ದರು. ನಾನೂ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕೆ. ಗಾಡಿಯ ಮೇಲಿದ್ದ ಮುನಿಶಾಮಮ್ಮ ಎಲ್ಲರಿಗಿಂತ ಜಾಸ್ತಿ ನಗುತ್ತಿದ್ದರು, ಬಿದ್ದ ಮೇಲೆ ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಡಿಸೆಂಬರ್ ಮೊದಲನೇ ವಾರ ಕಲ್ಯಾಣಿಯ ಪಾಚಿಯ ಮೇಲೆ ಕೋಲು ಜಾರಿ ಅವರು ಬಿದ್ದರು. ಮೂಳೆಗೆ ಏನೂ ಆಗಲಿಲ್ಲ, ಮೊಣಕೈ ತರಚಿತ್ತು. ಆದರೆ ಅವರ ದೊಡ್ಡ ಮಗ ಶ್ರೀರಾಮಪ್ಪ ನಮ್ಮ ಅಂಗಳಕ್ಕೆ ಬಂದು ನಿಂತ. ನಮ್ಮಮ್ಮನನ್ನ ಸಾಯಿಸೋಕೆ ಹೊರಟಿದೀಯಾ ದೊಡ್ಡಮ್ಮ, ಇನ್ನು ನಮ್ಮ ಮನೆಯಲ್ಲಿ ಹಡಗು ಅನ್ನೋ ಮಾತು ಬರಕೂಡದು ಎಂದು ಹೇಳಿ ಹೋದ. ಅತ್ತೆ ಆ ದಿನ ಊಟ ಮಾಡಲಿಲ್ಲ. ಸುಮ್ಮನಿದ್ದಿದ್ದರೆ ಆಗುತ್ತಿತ್ತು, ಅವಳ ಆಸೆ ಅವಳ ಮನಸ್ಸಿನಲ್ಲೇ ಇರುತ್ತಿತ್ತು, ನಾನೇ ಕೆಡಿಸಿದೆ ಎಂದು ನನ್ನ ಹತ್ತಿರ ಹೇಳಿಕೊಂಡರು. ನಿಮ್ಮಮ್ಮನ ಕಣ್ಣಲ್ಲಿ ನೀರು ನೋಡಿದ್ದು ಮಾವನವರು ಹೋದ ಮೇಲೆ ಅದೇ ಮೊದಲು. ಮರುದಿನ ಬೆಳಿಗ್ಗೆ ಒಂದು ಮಂಕರಿ ಅವರೆಕಾಯಿ ಹೊತ್ತುಕೊಂಡು ಮುನಿಶಾಮಮ್ಮನ ಮನೆಗೆ ಹೋಗಿ ಕೂತರು. ಮೂರು ದಿನ ಇಬ್ಬರೂ ಕಾಯಿ ಸುಲಿದರಂತೆ, ಹಿತಕಿದರಂತೆ, ಹಡಗಿನ ಮಾತನ್ನು ಒಬ್ಬರೂ ಆಡಲಿಲ್ಲವಂತೆ. ನಾಲ್ಕನೇ ದಿನ ನಮ್ಮತ್ತೆ ಮಂಕರಿ ಎತ್ತಿಕೊಂಡು ಹೊರಡುವ ಮೊದಲೇ ಮುನಿಶಾಮಮ್ಮ ಕೋಲು ಹಿಡಿದು ತಾವೇ ಹೊಸಲು ದಾಟಿ ನಮ್ಮ ಮನೆಯವರೆಗೂ ಬಂದುಬಿಟ್ಟರು. ಹಿಂದೆಯೇ ಶ್ರೀರಾಮಪ್ಪನೂ ಬಂದ.

ಹಿಂದಿನ ವಾರದ ಭಾನುವಾರ ಎಲ್ಲರೂ ಕೋಲಾರದ ಅಂತರಗಂಗೆ ಬೆಟ್ಟಕ್ಕೆ ಹೋಗಿದ್ದೆವು. ಮೂವತ್ತನಾಲ್ಕು ಮೆಟ್ಟಿಲಾದ ಮೇಲೆ ನಿಲ್ಲುವುದು ಎಂದು ಮಾತಾಗಿತ್ತು. ಅತ್ತೆ ಈ ಸಲ ಹಿಂದೆ ನಿಲ್ಲಲಿಲ್ಲ, ಆ ಜಾಗವನ್ನು ಶ್ರೀರಾಮಪ್ಪನಿಗೆ ಬಿಟ್ಟುಕೊಟ್ಟರು. ಅವನು ಎರಡು ಕೈಯನ್ನೂ ಚಾಚಿಕೊಂಡು, ಮಗು ನಡೆಯುವಾಗ ತಾಯಿ ಹೋಗುವ ಹಾಗೆ ಹಿಂದೆ ಹಿಂದೆ ಹತ್ತಿದ. ಮುನಿಶಾಮಮ್ಮ ಬಾಯಲ್ಲಿ ತೆಲುಗಿನಲ್ಲಿ ಎಣಿಸುತ್ತಾ ಹೋದರು. ಮೂವತ್ತನಾಲ್ಕಕ್ಕೆ ನಿಂತರು, ಉಸಿರು ಬಿಟ್ಟರು, ಕೆಳಗೆ ತಿರುಗಿ ನೋಡಿದರು. ಆಮೇಲೆ ಯಾರ ಮಾತೂ ಕೇಳದೆ ಇನ್ನೂ ಹತ್ತಿದರು. ಕಲ್ಲಿನ ಬಸವನ ಬಾಯಿಂದ ನೀರು ಬೀಳುವ ಜಾಗಕ್ಕೆ ಹೋಗಿ ಮುಟ್ಟುವಷ್ಟರಲ್ಲಿ ನಾನು ಎಣಿಸುವುದನ್ನೇ ಬಿಟ್ಟಿದ್ದೆ. ಶ್ರೀರಾಮಪ್ಪ ಬೊಗಸೆಯಲ್ಲಿ ನೀರು ಹಿಡಿದು ತಾಯಿಗೆ ಕುಡಿಸಿದ. ಇಳಿಯುವಾಗ ನಮ್ಮತ್ತೆಯ ಹತ್ತಿರ ಬಂದು, “ವಯಸ್ಸಿನೋರು ಒಬ್ರು ಜೊತೇಲಿರ್ಬೇಕು ದೊಡ್ಡಮ್ಮ. ಅಷ್ಟಿದ್ರೆ ಕಳಿಸ್ತೀನಿ” ಎಂದ.

ಇಷ್ಟು ನಡೆದದ್ದು. ಎಲೆಅಡಿಕೆಯನ್ನು ಎಲ್ಲೆಂದರಲ್ಲಿ ಉಗಿಯುವುದು, ನಾನು ಮಾಡಿದ ಸಾರಿಗೆ ಹುಳಿ ಜಾಸ್ತಿ ಎನ್ನುವುದು, ಅವೆಲ್ಲ ನಿಮ್ಮಮ್ಮನಿಗೆ ಇದ್ದದ್ದೇ. ಆದರೂ ಈ ಮನೆಗೆ ಬಂದು ಒಂಬತ್ತು ವರ್ಷ ಅವರ ಜೊತೆ ಒಂದೇ ಒಲೆಯ ಮುಂದೆ ಕೂತಿದ್ದೇನೆ, ಅವರು ಎಂಥವರೆಂದು ಈ ಮೂರು ತಿಂಗಳಲ್ಲಿ ಗೊತ್ತಾಯಿತು. ನನಗೂ ಅಂಥ ಗೆಳತಿ ಒಬ್ಬಳಿದ್ದರೆ ಎಂದು ಆಸೆಯೂ ಆಯಿತು. ಟಿಕೆಟನ್ನು ಆವಲಪ್ಪನವರೇ ಮದರಾಸಿನಲ್ಲಿ ಮಾಡಿಸಿಕೊಟ್ಟಿದ್ದಾರೆ. ಸಂಕ್ರಾಂತಿ ಮುಗಿಸಿಕೊಂಡು ಹದಿನೇಳಕ್ಕೆ ಹಡಗು.

ಅತ್ತೆ ನಿಮ್ಮ ತಲೆ ಮುಟ್ಟಿ ಹರಸಿದ್ದೇನೆಂದು ಬರೆ ಎಂದರು. ಮಗಳು ಬಿದ್ದ ಹಲ್ಲನ್ನು ಇದರಲ್ಲಿಟ್ಟು ಕಳಿಸು ಎನ್ನುತ್ತಾಳೆ, ಬೇಡವೆಂದಿದ್ದೇನೆ. ನಿಮ್ಮ ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ,
ಆದಿಲಕ್ಷ್ಮಿ

ಮರೆತ ಮಾತು: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಶ್ರೀರಾಮಪ್ಪ ಕೇಳಿದ ವಯಸ್ಸಿನವಳು ನಾನೇ. ಮಗಳನ್ನು ಗೌನಿಪಲ್ಲಿಯಲ್ಲಿ ಅತ್ತಿಗೆ ಭಾರತಮ್ಮ ನೋಡಿಕೊಳ್ಳುತ್ತಾರೆ. ಹೋಗಲೇ ಎಂದು ನಿಮ್ಮನ್ನು ಕೇಳಬೇಕಿತ್ತು, ಆದರೆ ಕೇಳುವ ಮೊದಲೇ ಹ್ಞೂಂ ಎಂದುಬಿಟ್ಟಿದ್ದೇನೆ, ಈ ಕಾಗದ ನಿಮ್ಮ ಕೈ ಸೇರುವ ಹೊತ್ತಿಗೆ ನೀರಿನ ಮೇಲಿರುತ್ತೇನೆ. ನಿಮ್ಮ ರಜೆಯ ರೈಲು ಮೂವತ್ತನೇ ತಾರೀಕು ಮದರಾಸು ಮುಟ್ಟುತ್ತದೆ ಎಂದು ಬರೆದಿದ್ದಿರಿ. ನಮ್ಮ ಹಡಗು ಮೂವತ್ತೊಂದಕ್ಕೆ ವಾಪಸು. ನೀವು ಊರಿಗೆ ಬರಬೇಡಿ, ಮನೆಗೆ ಬೀಗ ಹಾಕಿರುತ್ತದೆ. ಒಂಬತ್ತು ವರ್ಷದಿಂದ ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ನಿಮಗಾಗಿ ನಿಂತು ಕಾದವಳು ನಾನು. ಈ ಸಲ ಒಂದು ದಿನ ಮದರಾಸಿನ ಬಂದರಿನಲ್ಲಿ ನೀವು ನನಗಾಗಿ ಕಾಯುತ್ತೀರಾ?