ಗೇಣು ಕಡಿಮೆಯಾದ ಹೆಜ್ಜೆ

ಜುಲೈ 12, 2004. ಸೋಮವಾರ

ಬೆಳಿಗ್ಗೆ ಏಳೂವರೆಗೆ ಕಾಲೇಜಿನಲ್ಲಿ ತಾಡಪತ್ರಿ ಹಾಸಿದ್ದಾಯಿತು. ಕೆಳಗಿನ ಹೊಟ್ಟು ಮತ್ತೆ ಒಂದೇ ಕಡೆ ಸರಿದಿತ್ತು. ಪ್ಯೂನ್ ಶಟ್ಟೆಪ್ಪ ಗೊಣಗುತ್ತ ಕೋಲಿನಿಂದ ಹರಡಿದ.

"ಮೇಡಮ್ಮರ, ಇದು ಕುಸ್ತೀನೋ ಕುಣಿತಾನೋ?"

ಎರಡೂ ಅಲ್ಲ, ಐಕಿಡೊ, ಜಪಾನಿನ ಆತ್ಮರಕ್ಷಣೆಯ ವಿದ್ಯೆ ಅಂದೆ.

"ಏನರ ಇರ್ಲಿ, ಹೊಟ್ಟು ಅಂತೂ ನಾನ ಹರವಬೇಕು."

ಇವತ್ತು ಕೈ ಬಿಡಿಸಿಕೊಳ್ಳುವ ಪಾಠ. ಪುಣೆಯಲ್ಲಿ ನನ್ನ ಗುರು ಸಾನೆ ಬಾಯಿ ಹೇಳಿಕೊಟ್ಟ ಹಾಗೇ ಹೇಳಿದೆ. ಹಿಡಿದ ಕೈಯನ್ನು ಎಳೆಯಬೇಡಿ, ಎಳೆದರೆ ಬಲವಿದ್ದವನೇ ಗೆಲ್ಲುತ್ತಾನೆ. ಕೈ ಅಲ್ಲೇ ಇರಲಿ. ಭುಜ ಇಳಿಸಿ. ನೀವು ಒಂದು ಹೆಜ್ಜೆ ಒಳಗೆ ಹೋಗಿ, ಹಿಡಿದವನ ಪಾದದ ಪಕ್ಕಕ್ಕೆ. ಆಮೇಲೆ ಸೊಂಟದಿಂದ ತಿರುಗಿ. ಕೈ ಹೊಕ್ಕಳಿನ ಮುಂದೆಯೇ ಇರಬೇಕು. ಕಣ್ಣು ಕೈಯ ಮೇಲಲ್ಲ, ಹೋಗಬೇಕಾದ ದಿಕ್ಕಿಗೆ.

ಆ ಒಳಹೆಜ್ಜೆಗೆ ಜಪಾನಿಯಲ್ಲಿ ಇರಿಮಿ ಅನ್ನುತ್ತಾರೆ ಅಂದೆ. ಹುಡುಗಿಯರೆಲ್ಲ ಮುಸಿಮುಸಿ ನಕ್ಕರು. ನಗಲಿ. ಪುಣೆಯಲ್ಲಿ ಮೊದಲ ದಿನ ನಾನೂ ನಕ್ಕಿದ್ದೆ.

ಪಾಠವನ್ನು ಚೆನ್ನಾಗಿ ಹಿಡಿದುಕೊಂಡವಳು ಐಶ್ವರ್ಯಾ. ಪಿಯುಸಿ ಮೊದಲ ವರ್ಷ, ದೊಡವಾಡದಿಂದ ಬಸ್ಸಿಗೆ ಬರುತ್ತಾಳೆ. ಹಾಲು ಹಿಂಡಿ ಬರುವ ಕೈ, ಗಟ್ಟಿ. ಆದರೆ ನನ್ನ ಮಣಿಕಟ್ಟನ್ನು ಮಾತ್ರ ಹೂವಿನ ಬುಟ್ಟಿಯ ಹಾಗೆ ಹಿಡಿದಳು. ಮುದ್ದು ಹುಡುಗಿ.

ಜುಲೈ 21, ಬುಧವಾರ

ಒಂದು ತಾಪತ್ರಯ. ಒಳಗೆ ಹೆಜ್ಜೆ ಇಡುವಾಗ ಹುಡುಗಿಯರ ಕಾಲು ನನ್ನ ಕಾಲಿಗೆ ತಾಗುತ್ತದೆ. ತಾಗಿದ ಕೂಡಲೇ ಪಾಠ ಬಿಟ್ಟು, ಬಗ್ಗಿ, ನನ್ನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಒಬ್ಬರಲ್ಲ ಇಬ್ಬರಲ್ಲ, ಎಲ್ಲರೂ. ಅವರವರಲ್ಲೇ ಮಾಡುವಾಗಲೂ ಅಷ್ಟೇ. ಚಿಕ್ಕವಳು ದೊಡ್ಡವಳ ಕಾಲು ಮುಟ್ಟಿ "ತಪ್ಪಾತ್ರಿ ಅಕ್ಕಾ".

ಐಶ್ವರ್ಯಾಳಿಗೆ ಬೈದೆ. "ಇಲ್ಲೆ ಕಾಲು ತಾಗಿದ್ರ ಏನೂ ಆಗಂಗಿಲ್ಲ."

"ಹೆಂಗರಿ ಮೇಡಮ್? ನೀವು ಕಲಿಸಾವ್ರು."

ಸಿಟ್ಟು ಇಳಿದುಹೋಯಿತು. ನಿಜ ಹೇಳಬೇಕೆಂದರೆ ಹಿತವೆನಿಸಿತು. ಪುಣೆಯಲ್ಲಿ ಯಾರೂ ಯಾರ ಕಾಲೂ ಮುಟ್ಟುತ್ತಿರಲಿಲ್ಲ. ಪಾಠ ಪದೇ ಪದೇ ನಿಲ್ಲಬಾರದೆಂದು ಕೊನೆಗೆ ನಾನೇ ಹೇಳಿದೆ — ಸ್ವಲ್ಪ ಅಂತರ ಬಿಡ್ರಿ, ಒಂದು ಗೇಣು ಬಿಟ್ಟು ಹೆಜ್ಜೆ ಇಡ್ರಿ.

ಆಮೇಲೆ ಸರಾಗ. ನೋಡಲಿಕ್ಕೂ ಚೆಂದ.

ಆಗಸ್ಟ್ 15, ರವಿವಾರ. ಸಂಜೆ

ಕಿತ್ತೂರಿನಿಂದ ಈಗ ಬಂದೆ. ಧ್ವಜವಂದನೆ ಆದ ಮೇಲೆ ಮೈದಾನದಲ್ಲಿ ನಮ್ಮ ಡೆಮೊ. ಹುಡುಗಿಯರು ಒಬ್ಬೊಬ್ಬರಾಗಿ ಬಂದು ನನ್ನ ಕೈ ಹಿಡಿದರು, ನಾನು ತಿರುಗಿದೆ, ಬಿದ್ದರು. ಚಪ್ಪಾಳೆಯೋ ಚಪ್ಪಾಳೆ. ನಮ್ಮ ಪ್ರಿನ್ಸಿಪಾಲ್ ರಾಮಲಿಂಗಪ್ಪ ಸರ್ ಎದ್ದು ನಿಂತು,

"ಏನ್ರಿ ಇದು ನಿಲೋಫರ್, ಮುಟ್ಟೂದ್ರಾಗ ಬೀಳ್ತಾವಲ್ರಿ ಹುಡುಗ್ಯಾರು!"

ಬಸ್ಸಿನಲ್ಲಿ ಇಡೀ ದಾರಿ ಅದೇ ಮಾತು ಕಿವಿಯಲ್ಲಿ. ಪುಣೆಯಲ್ಲಿ ಒಂದೂವರೆ ವರ್ಷಕ್ಕೂ ಬಾರದ, ಬಲ ಹಾಕದೆ ಬೀಳಿಸುವ ಮೃದುತನ ಬೈಲಹೊಂಗಲದ ಹೊಟ್ಟಿನ ಮೇಲೆ ಬಂತಲ್ಲ…

ಅಮ್ಮಿಗೆ ಹೇಳಿದರೆ, ರೊಟ್ಟಿ ತಟ್ಟುತ್ತಲೇ ಕೇಳಿದಳು — ಮುಟ್ಟಿದ ಕೂಡಲೇ ಯಾರಾದರೂ ಬೀಳುತ್ತಾರೇನೇ? ತಲೆ ಸುತ್ತು ಬಂದವರು ಬಿಟ್ಟು?

ಸಿಟ್ಟು ಬಂತು. ಅವಳ ಜೊತೆ ಊಟಕ್ಕೆ ಕೂರಲಿಲ್ಲ.

ಆಗಸ್ಟ್ 24, ಮಂಗಳವಾರ

ಸಂಜೆ ವಿಜಯ ಓಡಿ ಬಂದಳು. ಐಶ್ವರ್ಯಾಳ ಗೆಳತಿ, ಅದೇ ಬಸ್ಸಿನವಳು. ಏದುಸಿರಿನಲ್ಲೇ ಹೇಳಿದ್ದು —

ಬಸ್ ಸ್ಟ್ಯಾಂಡಿನಲ್ಲಿ ದೊಡವಾಡದ ಗಾಡಿ ಬಂತು. ಐಶ್ವರ್ಯಾ ಕಿಟಕಿಯಿಂದ ಸೀಟಿಗೆ ವೇಲು ಹಾಕಿದಳು. ಅದೇ ಸೀಟಿಗೆ ಒಬ್ಬ ಟವೆಲ್ ಹಾಕಿದ್ದನಂತೆ. ಮಾತಿಗೆ ಮಾತು. ಅವನು ಕೈ ಹಿಡಿದ. ಸೀಟಿಗಾಗಿ ಅಲ್ಲ, ಹಿಡಿಯಲಿಕ್ಕೇ ಹಿಡಿದದ್ದು.

"ಆಕಿ ಅಂಜಲಿಲ್ರಿ ಮೇಡಮ್. ನನ್ನ ನೋಡಿ ನಕ್ಳು. ಈಗ ನೋಡ ಅನ್ನಾವ್ರಂಗ."

ಭುಜ ಇಳಿಸಿದಳಂತೆ. ಹೆಜ್ಜೆ ಇಟ್ಟಳಂತೆ. ತಿರುಗಿದಳಂತೆ. ಕೈ ಬಿಡಲಿಲ್ಲ. ಅವನು ನಿಂತಲ್ಲೇ ನಿಂತಿದ್ದ. ಇವಳೇ ಅವನ ಸುತ್ತ ತಿರುಗಿ ಬಂದಳು, ಗೂಟಕ್ಕೆ ಕಟ್ಟಿದ ಕರುವಿನ ಹಾಗೆ.

"ಇನ್ನೊಮ್ಮಿ ಮಾಡ, ನೋಡೂಣು" ಅಂದನಂತೆ. ಮಾಡಿದಳು. ಮತ್ತೆ ಮಾಡಿದಳು. ಸ್ಟ್ಯಾಂಡಿನವರೆಲ್ಲ ನಗುತ್ತಿದ್ದರು. ಬಳೆ ಒಡೆದು ಮಣಿಕಟ್ಟಿಗೆ ನಟ್ಟಿತು. ಬಾಳೆಹಣ್ಣು ಮಾರುವ ಗುರುಬಸವ್ವ ಬುಟ್ಟಿ ಎತ್ತಿ ಅವನ ತಲೆಗೆ ಬಡಿದ ಮೇಲೆ ಬಿಟ್ಟನಂತೆ.

ನನ್ನ ವಿದ್ಯೆ ಅಲ್ಲ. ಬುಟ್ಟಿ.

ಆಗಸ್ಟ್ 25, ಬುಧವಾರ. ಮಧ್ಯಾಹ್ನ 1

ಬರೆಯಬಾರದು ಅನಿಸುತ್ತಿದೆ. ಬರೆದುಬಿಡುತ್ತೇನೆ.

ಐಶ್ವರ್ಯಾಳ ತಂದೆ ನಿಜಗುಣಪ್ಪ ಮಗಳನ್ನು ಕರೆದುಕೊಂಡು ಪ್ರಿನ್ಸಿಪಾಲರ ಕೋಣೆಗೆ ಬಂದಿದ್ದರು. ಅವಳ ಕೈಗೆ ಪಟ್ಟಿ. ನನ್ನನ್ನು ಕರೆಸಿದರು. ನಿಜಗುಣಪ್ಪ ಜಗಳಕ್ಕೆ ಬಂದವರಲ್ಲ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೇಳಿದರು,

"ಅಕ್ಕಾರ, ನೀವು ಕಲಿಸಿದ್ದು ಖರೇ ಅದನೋ, ಸುಳ್ಳ ಅದನೋ? ಅಷ್ಟ ಹೇಳ್ರಿ."

ರಾಮಲಿಂಗಪ್ಪ ಸರ್ ನನ್ನ ಮುಖವನ್ನೇ ನೋಡುತ್ತಿದ್ದರು. "ಇಂಥಾದ್ದ ಆಗೂದಿದ್ರ ಕ್ಲಾಸ್ ಬಂದ್ ಮಾಡೂದ ಚಲೋ" ಅಂದರು.

ನಾನು ಹೇಳಿದ್ದು, ಇದೇ ಶಬ್ದಗಳಲ್ಲಿ: "ಕಲಿಸಿದ್ದು ಸರಿ ಐತ್ರಿ. ಆಕಿ ಪ್ರಾಕ್ಟೀಸ್ ಸರಿ ಮಾಡಿರ್ಲಿಲ್ಲ."

ಅವಳು ನನ್ನ ಕಡೆ ನೋಡಿದಳು. ಆಮೇಲೆ ತಲೆ ತಗ್ಗಿಸಿ, "ಹೌದ್ರಿ" ಅಂದಳು.

ಒಂದು ದಿನವೂ ತಪ್ಪಿಸಿದವಳಲ್ಲ. ಕತ್ತಲಿರುವಾಗ ಎದ್ದು ಹಾಲು ಹಿಂಡಿ ಮೊದಲ ಬಸ್ಸು ಹಿಡಿದು ಬರುವವಳು.

ನಿಜಗುಣಪ್ಪ ಎದ್ದರು. "ಕಲಿಸಿದ್ದನ್ನ ಲಕ್ಷ್ಯಕೊಟ್ಟು ಕಲೀಲಾರದಾಕಿ ಕಾಲೇಜಿಗೆ ಯಾಕ ಬರಬೇಕ್ರಿ? ಮನ್ಯಾಗ ಇರ್ಲಿ."

ತಡೆಯಬಹುದಿತ್ತು. ಒಂದು ಮಾತು ಸಾಕಿತ್ತು. ಕ್ಲಾಸು ಉಳಿಯಿತು. ನನ್ನ ಹೆಸರು ಉಳಿಯಿತು. ಥೂ.

ಆಗಸ್ಟ್ 26

ಐಶ್ವರ್ಯಾ ಬಂದಿಲ್ಲ.

ಸೆಪ್ಟೆಂಬರ್ 3, ಶುಕ್ರವಾರ. ಸಂಜೆ

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನಿತ್ತು? ದಿನಾ ಹೋದೆ, ತಾಡಪತ್ರಿ ಹಾಸಿದೆ, ಹುಡುಗಿಯರು ಬಿದ್ದರು. ನನಗೆ ಅವರು ಬೀಳುವುದನ್ನು ನೋಡಲಾಗುತ್ತಿಲ್ಲ.

ಇವತ್ತು ಅಣ್ಣ ಸರ್ಫರಾಜ ಟೆಂಪೊ ನಿಲ್ಲಿಸಿ ಚಹಾಕ್ಕೆ ಬಂದಿದ್ದ. ನನ್ನ ಕೈ ಹಿಡಿ ಅಂದೆ. ಗಟ್ಟಿಯಾಗಿ, ಸ್ಟೀರಿಂಗ್ ಹಿಡಿದ ಹಾಗೆ. ಹಿಡಿದ. ಇನ್ನೊಂದು ಕೈಯಲ್ಲಿ ಚಹಾದ ಕಪ್ಪು.

ಹೆಜ್ಜೆ ಇಟ್ಟೆ, ತಿರುಗಿದೆ. ಅವನು ಅಲ್ಲಾಡಲಿಲ್ಲ. ಚಹಾ ಕುಡಿಯುತ್ತಲೇ ಇದ್ದ. "ಹೂಂ, ಶುರು ಮಾಡು" ಅಂದ. ನಾನು ಮಾಡಿ ಮುಗಿಸಿದ್ದೆ.

ಕೆಳಗೆ ನೋಡಿದೆ. ನನ್ನ ಪಾದಕ್ಕೂ ಅವನ ಪಾದಕ್ಕೂ ನಡುವೆ ಒಂದು ಗೇಣು. ನಾನೇ ಬಿಡಿಸಿದ ಗೇಣು. ಹುಡುಗಿಯರಿಗೆ ಬಿಡು ಅಂದದ್ದು ನನ್ನ ಕಾಲಿಗೂ ಬಂದುಬಿಟ್ಟಿದೆ. ದೂರ ನಿಂತು ತಿರುಗಿದರೆ ಹಿಡಿದವನ ಮೈ ತನ್ನ ಜಾಗದಲ್ಲೇ ಇರುತ್ತದೆ, ಅವನಿಗೇನಾಗಬೇಕು? ನನ್ನ ಹುಡುಗಿಯರು ಬಿದ್ದದ್ದು ನಾನು ಬೀಳಿಸಿದ್ದಕ್ಕಲ್ಲ. ನಾನು ಮೇಡಮ್ ಆಗಿದ್ದಕ್ಕೆ. ಅವರು ಒಬ್ಬರ ಕೈ ಒಬ್ಬರು ಬಿಟ್ಟದ್ದೂ ಅದಕ್ಕೇ, ನಾನು ನೋಡುತ್ತಿದ್ದೆನೆಂದು. ಹಿಡಿಯುವವಳು ನಿಜವಾಗಿ ಹಿಡಿಯದಿದ್ದರೆ ಕಲಿಯುವವಳಿಗೆ ಮೋಸ ಅನ್ನುತ್ತಿದ್ದರು ಸಾನೆ ಬಾಯಿ. ನಾನು ಆ ಮೋಸಕ್ಕೆ ಮರ್ಯಾದೆ ಅಂತ ಹೆಸರಿಟ್ಟೆ.

ಇನ್ನೊಮ್ಮೆ ಹಿಡಿ ಅಂದೆ. ಈ ಸಲ ಅವನ ಪಾದದ ಪಕ್ಕಕ್ಕೆ, ಹಿಮ್ಮಡಿಗೆ ಹಿಮ್ಮಡಿ ತಾಗುವಷ್ಟು ಒಳಗೆ ಹೋದೆ. ಭುಜಕ್ಕೆ ಭುಜ. ತಿರುಗಿದೆ. ಅಣ್ಣ ಕಪ್ಪಿನ ಸಮೇತ ಅಮ್ಮಿಯ ಒಗೆಯುವ ಬಟ್ಟೆಯ ಗಂಟಿನ ಮೇಲೆ ಹೋಗಿ ಬಿದ್ದ. "ಅರೇ!" ಅಂದ. ಅಮ್ಮಿ ನಕ್ಕಳು.

ನಾನು ಬಚ್ಚಲಿಗೆ ಹೋಗಿ ಅತ್ತೆ. ವಿದ್ಯೆ ಸರಿಯಾಗಿಯೇ ಇತ್ತು. ಹಾಳು ಮಾಡಿದವಳು ನಾನು.

ಸೆಪ್ಟೆಂಬರ್ 4, ಶನಿವಾರ

ನಾಳೆ ರವಿವಾರ, ಅದಕ್ಕೆ ಶಿಕ್ಷಕರ ದಿನ ಇವತ್ತೇ. ಗುಲಾಬಿ, ಪೇಡೆ, ಭಾಷಣ. "ನಮಗೆ ಧೈರ್ಯ ತುಂಬಿದ ಮೇಡಮ್" ಎಂದು ಒಬ್ಬಳು ಓದಿದಳು. ಎಲ್ಲಿ ನೋಡಬೇಕೆಂದು ತಿಳಿಯದೆ ಫ್ಯಾನು ನೋಡಿದೆ.

ಮುಗಿದ ಮೇಲೆ ವಿಜಯ ಬಂದು ಕಾಗದದ ಪೊಟ್ಟಣ ಕೊಟ್ಟಳು. ಸೇವಂತಿಗೆ, ಸ್ವಲ್ಪ ಬಾಡಿತ್ತು.

"ಐಶ್ವರ್ಯಾ ಕೊಟ್ಟು ಕಳಿಸ್ಯಾಳ್ರಿ. ತಪ್ಪದ ಕೊಡು ಅಂದ್ಳು."

ಮುಡಿಯಲಿಲ್ಲ. ಎಸೆಯಲೂ ಇಲ್ಲ. ಬೆಳಿಗ್ಗೆ ದೊಡವಾಡಕ್ಕೆ ಹೋಗುತ್ತೇನೆ.

ಸೆಪ್ಟೆಂಬರ್ 5, ರವಿವಾರ

ಮನೆ ಸಿಕ್ಕಿತು. ಹಿತ್ತಿಲಲ್ಲಿ ಎಮ್ಮೆ ಕಟ್ಟಿದ್ದರು. ಪಕ್ಕದ ಕಂಬಕ್ಕೆ ಹಳೆ ವೇಲು ಸುತ್ತಿ, ಅದರ ತುದಿಯನ್ನು ತನ್ನ ಕೈಗೆ ಬಿಗಿದುಕೊಂಡು ಐಶ್ವರ್ಯಾ ಒಬ್ಬಳೇ ಹೆಜ್ಜೆ ಇಡುತ್ತಿದ್ದಳು. ಒಳಗೆ, ತಿರುಗು. ಒಳಗೆ, ತಿರುಗು. ಕಂಬದಿಂದ ಒಂದು ಗೇಣು ಬಿಟ್ಟು.

ನನ್ನನ್ನು ನೋಡಿ ಮುಖ ಅರಳಿತು. ನಾನು ಬಾಯಿ ತೆರೆಯುವ ಮೊದಲೇ,

"ತಪ್ಪಾತ್ರಿ ಮೇಡಮ್. ನಾ ಸರಿ ಪ್ರಾಕ್ಟೀಸ್ ಮಾಡಿರ್ಲಿಲ್ಲ. ಎಲ್ಲಾರ ಮುಂದ ನಿಮ್ಮ ಹೆಸ್ರು ಕೆಡಿಸಿದೆ. ಈಗ ದಿನಾ ಮಾಡಾಕ ಹತ್ತೇನಿ, ನೋಡ್ರಿ."

ನಂಬಿಬಿಟ್ಟಿದ್ದಾಳೆ. ನಾನು ಹೇಳಿದ ಸುಳ್ಳನ್ನು ಪಾಠ ನಂಬಿದ ಹಾಗೇ ನಂಬಿದ್ದಾಳೆ. ಭೂಮಿ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದೆ.

ಹೇಳಿದೆ. ಅವಳ ತಾಯಿ ರಾಚವ್ವ ಚಹಾ ಹಿಡಿದು ನಿಂತಿದ್ದರು, ನಿಜಗುಣಪ್ಪ ಎಮ್ಮೆಗೆ ಮೇವು ಹಾಕುತ್ತಿದ್ದರು. ತಪ್ಪು ನಿಂದಲ್ಲ. ಹೆಜ್ಜೆ ಕಡಿಮೆ ಮಾಡಿಸಿದವಳು ನಾನು. ಅವತ್ತು ಕೋಣೆಯಲ್ಲಿ ಹೇಳಿದ್ದು ಸುಳ್ಳು. ಕ್ಲಾಸು ನಿಂತುಹೋದೀತೆಂದು ಹೆದರಿ ನಿನ್ನ ಮೇಲೆ ಹಾಕಿದೆ.

ಐಶ್ವರ್ಯಾ ಕೈಯಿಂದ ವೇಲಿನ ಗಂಟು ಬಿಚ್ಚಿದಳು. ನಿಧಾನವಾಗಿ. ಒಳಗೆ ಹೋದಳು. ಹೊರಗೆ ಬರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಿಜಗುಣಪ್ಪ ಮೇವಿನ ಕೈ ಕೊಡವಿದರು.

"ಅಕ್ಕಾರ, ಸುಳ್ಳನ್ನ ದೊಡ್ಡ ಸಾಹೇಬರ ಮುಂದ ಹೇಳಿದ್ರಿ. ಖರೇದ್ದನ್ನ ನಮ್ಮ ಎಮ್ಮಿ ಮುಂದ ಹೇಳಾಕ ಬಂದೀರಿ."

"ಚಹಾ ಕುಡೀರಿ, ಆರತೈತಿ" ಅಂದರು ರಾಚವ್ವ. ಕುಡಿದೆ. ಹೊರಡುವಾಗ, ನಾಳೆ ಏಳೂವರೆಗೆ ಎಲ್ಲರ ಮುಂದೆ ಹೇಳುತ್ತೇನೆ, ಬನ್ನಿ ಅಂದೆ. "ನೋಡೂಣು" ಅಂದರು.

ಸೆಪ್ಟೆಂಬರ್ 6, ಸೋಮವಾರ. ಸಂಜೆ 4

ಬಂದಿದ್ದರು. ತಂದೆ, ಮಗಳು. ರಾಮಲಿಂಗಪ್ಪ ಸರ್ ಅವರನ್ನೂ ನಾನೇ ಕರೆದು ನಿಲ್ಲಿಸಿದ್ದೆ. ಹುಡುಗಿಯರೆಲ್ಲ ತಾಡಪತ್ರಿಯ ಸುತ್ತ.

ಹೇಳಿದೆ. ನಡುವೆ ದನಿ ಒಡೆಯಿತು, ಮತ್ತೆ ಮೊದಲಿಂದ ಹೇಳಿದೆ. ನೀವು ನನಗಾಗಿ ಬಿದ್ದಿರಿ, ನಾನು ಗೆದ್ದೆ ಅಂದುಕೊಂಡೆ. ಐಶ್ವರ್ಯಾಳ ತಪ್ಪು ಏನೂ ಇಲ್ಲ. ನಾನು ಹೇಳಿದ್ದು ಸುಳ್ಳು. ಹುಡುಗಿಯರು ನೆಲ ನೋಡಿದರು. ಸರ್ ಕನ್ನಡಕ ಒರೆಸಿಕೊಂಡು "ಕ್ಲಾಸಿನ ವಿಚಾರ ಆಮ್ಯಾಲೆ ಮಾತಾಡೂಣು" ಅಂದರು. ಆ ದನಿಯಲ್ಲಿ ಕಿತ್ತೂರಿನ ಚಪ್ಪಾಳೆ ಒಂದು ಚೂರೂ ಇರಲಿಲ್ಲ. ನಿಲ್ಲಿಸಿದರೂ ನಿಲ್ಲಿಸಬಹುದು.

ಆಮೇಲೆ ಐಶ್ವರ್ಯಾ ಚಪ್ಪಲಿ ಬಿಟ್ಟು ತಾಡಪತ್ರಿಯ ಮೇಲೆ ಬಂದಳು. ಯಾರೂ ಕರೆದಿರಲಿಲ್ಲ. ನನ್ನ ಬಲಗೈ ಹಿಡಿದಳು.

ಹಿಡಿದಳು ಅಂದರೆ… ಇಷ್ಟು ದಿನ ಅವಳಲ್ಲಿ ಇಂಥ ಶಕ್ತಿ ಇತ್ತೆಂದೇ ನನಗೆ ಗೊತ್ತಿರಲಿಲ್ಲ. ಮೂಳೆಗೆ ತಾಗಿತು. ಹೆಜ್ಜೆ ಇಟ್ಟೆ. ಹೆದರಿದ ಕಾಲು, ಅರ್ಧಕ್ಕೇ ನಿಂತಿತು. ತಿರುಗಿದೆ. ಅವಳು ಅಲ್ಲೇ ಇದ್ದಳು. ನಾನೇ ಅವಳ ಸುತ್ತ ಬಂದೆ, ಎಲ್ಲರೂ ನೋಡುತ್ತಿದ್ದಂತೆ. ಯಾರೂ ನಗಲಿಲ್ಲ.

"ಬಿಡು" ಅಂದೆ. ರೂಢಿಯಿಂದ ಬಾಯಿಗೆ ಬಂತು.

"ಬಿಡಂಗಿಲ್ರಿ" ಅಂದಳು. ಕಣ್ಣಲ್ಲಿ ನೀರಿತ್ತು, ಹಿಡಿತ ಸಡಿಲಾಗಲಿಲ್ಲ. "ಪೂರಾ ಒಳಗ ಬರ್ರಿ ಮೇಡಮ್."

ಮತ್ತೆ ಇಟ್ಟೆ. ಮತ್ತೆ. ಕೊನೆಗೆ ಅವಳ ಪಾದದ ಮೇಲೇ ಕಾಲಿಟ್ಟು ಹೋದೆ. ಅವಳು ಬಿದ್ದಳು, ನಿಜವಾಗಿ, ಭುಜದ ಮೇಲೆ, ಹೊಟ್ಟು ಹಾರುವಂತೆ. ಎದ್ದು ಮೈ ಕೊಡವಿಕೊಂಡಳು. ನಗಲಿಲ್ಲ. ಕ್ಷಮಿಸಿದೆ ಅಂತಲೂ ಅನ್ನಲಿಲ್ಲ. "ನಾಳೆ ಮತ್ತ ಹಿಡೀತೇನ್ರಿ" ಅಂದು ಚೀಲ ತೆಗೆದುಕೊಂಡು ಕ್ಲಾಸಿಗೆ ಹೋದಳು. ನಿಜಗುಣಪ್ಪ ಒಬ್ಬರೇ ದೊಡವಾಡದ ಬಸ್ಸಿಗೆ ಹೋದರು.

ಮಣಿಕಟ್ಟು ಬಾತು ಬದನೆಕಾಯಿ ಬಣ್ಣವಾಗಿದೆ. ಅಮ್ಮಿ ಅರಿಸಿನ ಹಚ್ಚಿದಳು, ಯಾರು ಮಾಡಿದ್ದು ಅಂತ ಕೇಳಿದಳು. ನನ್ನ ವಿದ್ಯಾರ್ಥಿನಿ ಅಂದೆ. ಪೆನ್ನು ಹಿಡಿದರೆ ಬೆರಳು ಮಡಚುತ್ತಿಲ್ಲ, ಅಕ್ಷರ ಸೊಟ್ಟ ಬರುತ್ತಿದೆ, ಇನ್ನು ಎಡಗೈಯಿಂದಲೇ ಬರೆಯಬೇಕು…