ಅತ್ತೆ ತಿದ್ದಿದ ಮಡಕೆಗಳು

ಫೆಬ್ರವರಿ 3

ಅಕ್ಷರ ಕೋಳಿ ಕೆದರಿದ ಹಾಗಿದೆ, ಕಾಗುಣಿತ ದೇವರಿಗೇ ಪ್ರೀತಿ. ಕ್ಷಮಿಸಿ ಅನ್ನೋಣವೆಂದರೆ ಓದುವವರು ಯಾರೂ ಇಲ್ಲ. ನಾಲ್ಕನೇ ಕ್ಲಾಸಿಗೆ ನಿಂತ ಕೈ. ಬಾಯಿಬಿಟ್ಟು ಹೇಳಲಾಗದ್ದನ್ನು ಎಲ್ಲಾದರೂ ಇಳಿಸಬೇಕಲ್ಲ.

ಇವತ್ತೂ ಅದೇ. ಅತ್ತೆ — ಅಪ್ಪನ ಅಕ್ಕ — ಕಲಿಸುವುದು, ನಾನು ಮಣ್ಣು ತುಳಿಯುವುದು. ಕಲಿಯಲು ಬಂದವರು ನಾಲ್ವರು: ಟೈಲರಕ್ಕ, ರಿಟೈರಾದ ಮೇಷ್ಟ್ರು, ಇನ್ನಿಬ್ಬರು. ಎಲ್ಲರಿಗೂ ತಿಗರಿ ತಿರುಗಿಸುವ ಹುಚ್ಚು. ನಮ್ಮ ಮನೆತನದ ಮಡಕೆ ತಿಗರಿಯಿಂದ ತಳವಿಲ್ಲದೆ ಇಳಿಯುತ್ತದೆ. ಅರೆ ಒಣಗಿದ ಮೇಲೆ ಒಳಗೆ ಗುಂಡುಕಲ್ಲು ಹಿಡಿದು, ಹೊರಗೆ ಹಲಗೆಯಿಂದ ಬಡಿದು ಬಡಿದು ತಳ ಕೂಡಿಸಬೇಕು. ಅದು ಗೊತ್ತಿರುವುದು ಈಗ ಅತ್ತೆಗೆ, ನನಗೆ. ಅಷ್ಟೇ.

ಇಪ್ಪತ್ತಕ್ಕೆ ಈ ಕ್ಲಾಸಿಗೆ ದುಡ್ಡು ಕೊಡುವ ತರಬೇತಿ ಕೇಂದ್ರದ ಮೇಡಂ ನೋಡಲು ಬರುತ್ತಾರೆ. ಒಬ್ಬರಾದರೂ ಅವರೆದುರು ತಾವೇ ತಳ ಕೂಡಿಸಬೇಕು. ಸುಟ್ಟ ಮೇಲೆ ಅದರಲ್ಲಿ ನೀರು ನಿಲ್ಲಬೇಕು. ಇಲ್ಲದಿದ್ದರೆ ಕ್ಲಾಸ್ ಬಂದ್.

ಫೆಬ್ರವರಿ 5

ವಿಚಿತ್ರ. ಬೆಳಿಗ್ಗೆ ನಾಲ್ವರ ಮಡಕೆಯೂ ಸೊಟ್ಟ. ಊಟ ಮುಗಿಸಿ ಬಂದರೆ ನಾಲ್ಕೂ ಗುಂಡಗೆ!

“ನೋಡೇ ತಂಗಿ, ನನ್ನ ಕೈ ಕುದುರಿಬಿಡ್ತು,” ಎಂದು ಟೈಲರಕ್ಕ ಕುಣಿದಳು. ಹೊಲಿಗೆ ಮಿಷನ್ ಓಡಿಸಿದ ಹಾಗೆ ಒಂದೇ ಕಡೆ ಟಕಟಕ ಬಡಿಯುವವಳು. ಹೇಗೆ ಕುದುರಿತು?

ಫೆಬ್ರವರಿ 6, ಮಧ್ಯಾಹ್ನ

ಊಟಕ್ಕೆ ಹೋದಂತೆ ಮಾಡಿ ವಾಪಸ್ ಬಂದೆ. ಅತ್ತೆ ಹಲಗೆ ಹಿಡಿದು ಕೂತಿದ್ದಾಳೆ.

“ಅತ್ತೇ!”

“ಏನೇ, ಹಾವು ತುಳಿದವಳ ಹಾಗೆ ಕಿರುಚ್ತೀಯ?”

“ಅದು ಟೈಲರಕ್ಕನ ಮಡಕೆ.”

“ಮಡಕೆನಾ ಇದು? ಹಲ್ಲುನೋವು ಬಂದವನ ಕೆನ್ನೆ. ಇದನ್ನ ನೋಡಿ ನನಗೆ ಊಟ ಇಳಿಯುತ್ತಾ?”

“ನೀನೇ ತಿದ್ದಿದ್ರೆ ಅವರು ಕಲಿಯೋದು ಯಾವಾಗ?”

“ಕಲೀತಾರೆ ಬಿಡೇ. ಚೆನ್ನಾಗಿರೋದನ್ನ ನೋಡಿ ನೋಡಿ ಕಲೀತಾರೆ.”

ತಲೆ ಚಚ್ಚಿಕೊಳ್ಳಬೇಕು. ಯಾರ ತಲೆ?

ಫೆಬ್ರವರಿ 9

ಗುಂಡುಕಲ್ಲುಗಳನ್ನೆಲ್ಲ ಬಚ್ಚಿಟ್ಟೆ. ಮುಷ್ಟಿಯಲ್ಲೇ ತಿದ್ದಿದ್ದಾಳೆ ಮಹಾತಾಯಿ. ಒಳಗೆಲ್ಲ ಗೆಣ್ಣಿನ ಗುರುತು.

ಫೆಬ್ರವರಿ 12

ಹೇಳಿಬಿಟ್ಟೆ. ನಾಲ್ವರೆದುರೂ. “ಇವು ನೀವು ಕೂಡಿಸಿದ್ದಲ್ಲ... ಅತ್ತೆ ಕೂಡಿಸಿದ್ದು.”

ರಿಟೈರಾದ ಮೇಷ್ಟ್ರು ನಕ್ಕರು. “ಏನಮ್ಮ, ನಮ್ಮನ್ನ ಕಂಡ್ರೆ ಹೊಟ್ಟೆಕಿಚ್ಚಾ?”

ಟೈಲರಕ್ಕ ನಗಲಿಲ್ಲ. ಮಡಕೆಯೊಳಗೆ ಕೈಹಾಕಿ ತಡವಿದಳು. ಎದ್ದು ಹೋದಳು. ಅತ್ತೆ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ಇರಲಿ, ಕಿವಿಗಾದರೂ ರಜೆ.

ಫೆಬ್ರವರಿ 16

ಟೈಲರಕ್ಕ ಬಂದಳು, ಬುತ್ತಿ ಸಮೇತ. “ಇಲ್ಲೇ ಕೂತು ತಿಂತೀನಿ. ನನ್ನ ಮಡಕೆ ಯಾರೂ ಮುಟ್ಟಕೂಡದು.” ಅತ್ತೆ ಮೂರು ಸಲ ನೀರಿನ ನೆಪ ಮಾಡಿಕೊಂಡು ಹಾದುಹೋದಳು. ಟೈಲರಕ್ಕ ಒಂದು ಕೈಯಲ್ಲಿ ತುತ್ತು, ಇನ್ನೊಂದರಲ್ಲಿ ಮಡಕೆ. ಸಂಜೆಗೆ ತಳ ಬಿರಿದೇ ಹೋಯಿತು. ಆದರೂ ಅವಳದೇ ಬಿರುಕು.

ಫೆಬ್ರವರಿ 20, ರಾತ್ರಿ ಊಟಕ್ಕೆ ಮುಂಚೆ

ಮೇಡಂ ಬಂದರು. ಮೇಷ್ಟ್ರ ಮಡಕೆ ಮೊದಲೇ ಕುಸಿಯಿತು, ಆಮೇಲೆ ಇಬ್ಬರದು. ಟೈಲರಕ್ಕ ಮಾತ್ರ ನಿಧಾನ ಬಡಿಯುತ್ತಿದ್ದಳು. ತಳದಲ್ಲಿ ಬೆರಳು ಹೋಗುವಷ್ಟು ತೂತು ಉಳಿದಿತ್ತು. ಕೈ ತಪ್ಪುತ್ತಿತ್ತು. ಅತ್ತೆ ಕೂತಲ್ಲೇ ಮುಂದೆ ಜರುಗಿದಳು, ಕೈ ಚಾಚಿದಳು — ಗಪ್ಪನೆ ಹಿಡಿದೆ. ಹಿರಿಯರ ಕೈ ಹಾಗೆ ಹಿಡಿದದ್ದು ಇದೇ ಮೊದಲು.

“ಬಿಡೇ, ಹೋಗ್ತಿದೆ ಅದು!”

“ಹೋದ್ರೆ ಹೋಗ್ಲಿ ಅತ್ತೆ.”

ಅವಳ ಮಣಿಕಟ್ಟು ನನ್ನ ಹಿಡಿಯಲ್ಲೇ ಬಡಿಯುತ್ತಿತ್ತು, ಟೈಲರಕ್ಕನ ಏಟಿಗೆ ಸರಿಯಾಗಿ. ತೂತು ಮುಚ್ಚುವವರೆಗೂ ಬಿಡಲಿಲ್ಲ.

ಮಾರ್ಚ್ 2

ಬೆಳಿಗ್ಗೆ ಮಡಕೆ ಸುಡುವ ಆವಿಗೆ ಬಿಚ್ಚಿದೆವು. ಟೈಲರಕ್ಕನದು ಇಡಿಯಾಗಿ ಬಂತು. ಹೊಟ್ಟೆ ಒಂದು ಕಡೆ ವಾಲಿದೆ. ನೀರು ತುಂಬಿ ಬಹಳ ಹೊತ್ತು ಬಿಟ್ಟು ತಳಕ್ಕೆ ಅಂಗೈ ಒಡ್ಡಿದೆ. ತಳ ಬೆವರಿತ್ತು. ಸೋರಿರಲಿಲ್ಲ. ಟೈಲರಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು.

ಅತ್ತೆ ಎರಡು ಸುತ್ತು ಬಂದು, “ಆ ಹೊಟ್ಟೆ ಸ್ವಲ್ಪ...” ಎಂದು ಶುರುಮಾಡಿದಳು. ಅದೇ ಮಡಕೆಯಿಂದ ಒಂದು ಲೋಟ ಬಗ್ಗಿಸಿ ಅವಳ ಕೈಗಿಟ್ಟೆ. ಕುಡಿದಳು. ಲೋಟ ಕೆಳಗಿಟ್ಟು, “ನೀರು ತಣ್ಣಗಿದೆ. ಹೊಟ್ಟೆ ಹಾಗೇ ಇರ್ಲಿ ಬಿಡೇ,” ಎಂದಳು.